ಸೂರ್ಯ, ಚಂದ್ರ, ಮಳೆ: ಹಬ್ಬದ ದಿನ ಯಾರು ಗೊತ್ತು ಮಾಡುತ್ತಾರೆ?

2024ರಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಅನ್ನುವ ಜಗಳ ದೇಶದ ತುಂಬ ನಡೆಯಿತು. ಒಂದು ಪಂಚಾಂಗ ಒಂದು ದಿನ ಹೇಳಿತು, ಇನ್ನೊಂದು ಮರುದಿನ ಅಂದಿತು. ಕೊನೆಗೆ ಕೆಲವರು ಮೊದಲ ದಿನ, ಕೆಲವರು ಎರಡನೇ ದಿನ ದೀಪ ಹಚ್ಚಿದರು. ಇದರ ಹಿಂದಿನ ವರ್ಷ, 2023ರಲ್ಲಿ, ಭಾರತ ಮತ್ತು ಶ್ರೀಲಂಕಾದಲ್ಲಿ ಬುದ್ಧ ಪೂರ್ಣಿಮೆ ಮೇ 5ಕ್ಕೆ ಮುಗಿದಿತ್ತು. ಥಾಯ್ಲೆಂಡಿನಲ್ಲಿ ಅದೇ ಹಬ್ಬ ಬಂದಿದ್ದು ಜೂನ್ 3ಕ್ಕೆ. ಒಂದು ಹುಣ್ಣಿಮೆಯಷ್ಟು ತಡ!

ಎರಡೂ ಕಡೆ ಯಾರ ಲೆಕ್ಕವೂ ತಪ್ಪಿರಲಿಲ್ಲ. ಹಿಂದೂ ಮತ್ತು ಬೌದ್ಧ ಹಬ್ಬಗಳು ಒಂದೇ ಹಳೆಯ ಕಾಲಗಣನೆಯಿಂದ ಹುಟ್ಟಿದವು. ಆ ಗಣನೆಗೆ ಇಬ್ಬರು ಯಜಮಾನರು, ಸೂರ್ಯ ಮತ್ತು ಚಂದ್ರ. ಇಬ್ಬರ ಲೆಕ್ಕ ಒಂದಕ್ಕೊಂದು ಕೂಡಿಬರುವುದಿಲ್ಲ. ಇವರಿಬ್ಬರ ಮೇಲೆ ಮೂರನೆಯದೊಂದು ಕೂತಿದೆ, ಮಳೆ. ಪಂಚಾಂಗದಲ್ಲಿ ಅದರ ಹೆಸರು ಅಷ್ಟಾಗಿ ಕಾಣುವುದಿಲ್ಲ. ಆದರೆ ನನ್ನ ಪ್ರಕಾರ ಹಬ್ಬಗಳ ಆಚರಣೆಗೆ ಈಗಿನ ರೂಪ ಕೊಟ್ಟಿದ್ದು ಜಾಸ್ತಿ ಪಾಲು ಅದೇ.

ಮೊದಲು ತಿಥಿ ಅರ್ಥವಾಗಬೇಕು

ಚಂದ್ರ ಆಕಾಶದಲ್ಲಿ ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತಾನೆ. ಸೂರ್ಯ ಸರಿಯುವುದು ಒಂದೇ ಡಿಗ್ರಿ. ಅಂದರೆ ದಿನಕ್ಕೆ ಹೆಚ್ಚುಕಡಿಮೆ 12 ಡಿಗ್ರಿಯಂತೆ ಚಂದ್ರ ಸೂರ್ಯನನ್ನು ಬಿಟ್ಟು ಮುಂದೆ ಹೋಗುತ್ತಾನೆ. ಈ ಅಂತರ 12 ಡಿಗ್ರಿ ಬೆಳೆದರೆ ಒಂದು ತಿಥಿ. ಸುತ್ತು 360 ಡಿಗ್ರಿ, ಹಾಗಾಗಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 30 ತಿಥಿ.

ತೊಡಕು ಎಲ್ಲಿದೆ ಅಂದರೆ, ಚಂದ್ರನ ವೇಗ ಒಂದೇ ಸಮನೆ ಇರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಆದ್ದರಿಂದ ಒಂದು ತಿಥಿ 19 ಗಂಟೆಯಷ್ಟು ಚಿಕ್ಕದಾಗಬಹುದು, 26 ಗಂಟೆಯಷ್ಟು ಉದ್ದವೂ ಆಗಬಹುದು. ಅದು ಶುರುವಾಗುವುದು ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ಮರುದಿನ ಸಂಜೆಗೆ ಮುಗಿದರೂ ಮುಗಿಯಬಹುದು.

ಹಾಗಾದರೆ ಯಾವ ದಿನವನ್ನು ಆ ತಿಥಿಯ ದಿನ ಅನ್ನಬೇಕು? ಸಾಮಾನ್ಯವಾಗಿ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ. ಆದರೆ ಹಬ್ಬಗಳಿಗೆ ಇನ್ನೊಂದು ನಿಯಮ ಇದೆ. ಪೂಜೆ ನಡೆಯುವ ಹೊತ್ತಿಗೆ ಆ ತಿಥಿ ಇರಬೇಕು. ಗಣೇಶ ಚೌತಿಗೆ, ರಾಮನವಮಿಗೆ ಮಧ್ಯಾಹ್ನ ಮುಖ್ಯ. ಶಿವರಾತ್ರಿಗೆ ನಡುರಾತ್ರಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಸೂರ್ಯ ಮುಳುಗಿದ ಮೇಲಿನ ಪ್ರದೋಷ ಕಾಲ. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ಶುರುವಾಗಿ ನವೆಂಬರ್ 1ರ ಸಂಜೆಯವರೆಗೆ ಇತ್ತು. ಮೊದಲ ದಿನ ರಾತ್ರಿಯಿಡೀ ಅಮಾವಾಸ್ಯೆ. ಎರಡನೇ ದಿನ ಸೂರ್ಯೋದಯಕ್ಕೂ ಇದೆ, ಮುಸ್ಸಂಜೆಗೆ ಒಂದಿಷ್ಟು ಹೊತ್ತೂ ಇದೆ. ಜಗಳ ಆಗದೆ ಇರುತ್ತದೆಯೇ?

ಸೂರ್ಯೋದಯ ಊರಿಂದ ಊರಿಗೆ ಬೇರೆ ಅನ್ನುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಬೆಂಗಳೂರಿಗೆ ಸರಿಯಾದ ಏಕಾದಶಿ ಲಂಡನ್ನಿಗೆ ಒಂದು ದಿನ ಆಚೀಚೆ ಆಗಬಹುದು. ಟಿಬೆಟನ್ನರ ಪಂಚಾಂಗದಲ್ಲೂ ಇದೇ ಕಥೆ. ಕೆಲವು ತಾರೀಖು ಎರಡು ಸಲ ಬರುತ್ತದೆ, ಕೆಲವು ಕಾಣೆಯಾಗುತ್ತದೆ. ಬೈಲಕುಪ್ಪೆಯ ಅಥವಾ ಮುಂಡಗೋಡಿನ ಟಿಬೆಟನ್ ಕ್ಯಾಲೆಂಡರಿನಲ್ಲಿ 8 ಆದಮೇಲೆ ನೇರ 10 ಇದ್ದರೆ ಅದು ಅಚ್ಚಿನ ತಪ್ಪಲ್ಲ.

ಉತ್ತರ ಭಾರತದ ತಿಂಗಳಿನ ಹೆಸರು ನಮ್ಮದಕ್ಕಿಂತ ಬೇರೆ ಆಗುವುದೂ ಹಲವರಿಗೆ ಗೊಂದಲ. ನಮಗೆ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರಿಗೆ ಹುಣ್ಣಿಮೆಗೆ. ಶಿವರಾತ್ರಿ ನಮ್ಮ ಲೆಕ್ಕದಲ್ಲಿ ಮಾಘದ್ದು, ಅವರ ಲೆಕ್ಕದಲ್ಲಿ ಫಾಲ್ಗುಣದ್ದು. ದಿನ ಮಾತ್ರ ಒಂದೇ.

ಹನ್ನೊಂದು ದಿನದ ಸಾಲ

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ ಚಿಲ್ಲರೆ. ಪ್ರತಿ ವರ್ಷ 11 ದಿನ ಕಡಿಮೆ ಬೀಳುತ್ತದೆ. ಇದನ್ನು ಸುಮ್ನೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ರಂಜಾನ್ ನೋಡಿ. ಇಸ್ಲಾಮಿ ಕ್ಯಾಲೆಂಡರ್ ಶುದ್ಧ ಚಾಂದ್ರಮಾನ. ಹಾಗಾಗಿ ರಂಜಾನ್ ವರ್ಷ ವರ್ಷ ಹಿಂದೆ ಸರಿಯುತ್ತ ಚಳಿ, ಬೇಸಿಗೆ, ಮಳೆ ಎಲ್ಲವನ್ನೂ ಸುತ್ತುತ್ತದೆ. ಅದು ಅವರ ಪದ್ಧತಿ. ಹಿಂದೂ, ಬೌದ್ಧ ಹಬ್ಬಗಳು ಋತುವಿಗೆ ಕಟ್ಟಿಕೊಂಡಿವೆ. ಕೊಯ್ಲಿನ ಹಬ್ಬ ಬಿತ್ತನೆಗೆ ಬಂದರೆ ಹೇಗೆ?

ಅದಕ್ಕೇ ಅಧಿಕ ಮಾಸ. ಸುಮಾರು 32-33 ತಿಂಗಳಿಗೆ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. 19 ವರ್ಷಕ್ಕೆ 7 ಅಧಿಕ ಮಾಸ ಹಾಕಿದರೆ ಸೂರ್ಯ, ಚಂದ್ರರ ಲೆಕ್ಕ ಬಹುಮಟ್ಟಿಗೆ ಕೂಡಿಬರುತ್ತದೆ. ಎಲ್ಲಿ ಸೇರಿಸುವುದು ಅನ್ನುವುದಕ್ಕೆ ನಮ್ಮ ಪಂಚಾಂಗದವರು ಜಾಣ ನಿಯಮ ಮಾಡಿದ್ದಾರೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಾಂತಿ. ಯಾವ ಚಾಂದ್ರಮಾಸದೊಳಗೆ ಒಂದೂ ಸಂಕ್ರಾಂತಿ ಬರುವುದಿಲ್ಲವೋ ಅದೇ ಅಧಿಕ. ಹಾಗಾಗಿ ಅಧಿಕ ಮಾಸ ಒಂದೊಂದು ಸಲ ಒಂದೊಂದು ತಿಂಗಳಿಗೆ ಅಂಟಿಕೊಳ್ಳುತ್ತದೆ. 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ, 2026ರಲ್ಲಿ ಜ್ಯೇಷ್ಠ. 2020ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ಕ್ಕೆ ಮುಗಿದರೂ ನವರಾತ್ರಿ ಶುರುವಾಗಿದ್ದು ಅಕ್ಟೋಬರ್ 17ಕ್ಕೆ. ನಡುವೆ ಇಡೀ ಒಂದು ಅಧಿಕ ಮಾಸ ಕೂತಿತ್ತು. ಆ ತಿಂಗಳಲ್ಲಿ ಮದುವೆ, ಮುಂಜಿ ಇಲ್ಲ. ಆದರೆ ಅಳಿಯಂದಿರಿಗೆ ಸುಗ್ಗಿ. ಮೂವತ್ತಮೂರು ಅಪೂಪದ ದಾನ ಬರುವುದು ಆಗಲೇ ಅಲ್ವಾ?

ಥಾಯ್ ಪಂಚಾಂಗಕ್ಕೆ ಈ ಸಂಕ್ರಾಂತಿಯ ನಿಯಮ ಇಲ್ಲ. ಅವರು ಹೆಚ್ಚಿಗೆ ತಿಂಗಳನ್ನು ಯಾವಾಗಲೂ ಎಂಟನೇ ತಿಂಗಳಿನ ಜಾಗದಲ್ಲೇ ಹಾಕುತ್ತಾರೆ, ಅಂದರೆ ನಮ್ಮ ಆಷಾಢದ ಆಸುಪಾಸು. ಎಂಟು ಎರಡು ಸಲ ಬರುವ ವರ್ಷದಲ್ಲಿ ಅವರ ವೈಶಾಖ ಪೂಜೆ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಆಗಿದ್ದು ಇದೇ. ಬುದ್ಧನ ಹುಣ್ಣಿಮೆ ಮೇ ಆರಂಭಕ್ಕೋ ಜೂನಿಗೋ ಅನ್ನುವುದನ್ನು ತೀರ್ಮಾನ ಮಾಡಿದ್ದು ಧರ್ಮವಲ್ಲ, ಹೆಚ್ಚುವರಿ ತಿಂಗಳನ್ನು ಎಲ್ಲಿ ಇಡಬೇಕೆನ್ನುವ ಲೆಕ್ಕ.

ಜಪಾನ್ ಇನ್ನೊಂದು ತುದಿಗೆ ಹೋಯಿತು. 1873ರಲ್ಲಿ ಅದು ಗ್ರೆಗೋರಿಯನ್ ಕ್ಯಾಲೆಂಡರ್ ಒಪ್ಪಿಕೊಂಡಿತು. ನಾಲ್ಕನೇ ಚಾಂದ್ರಮಾಸದ ಎಂಟನೇ ದಿನ ಇದ್ದ ಬುದ್ಧ ಜಯಂತಿ ಏಪ್ರಿಲ್ 8 ಆಯಿತು. ಇವತ್ತು ಜಪಾನಿನಲ್ಲಿ ಅದು ಹೂವಿನ ಹಬ್ಬ. ಪುಟ್ಟ ಬುದ್ಧನ ಮೂರ್ತಿಗೆ ಸಿಹಿ ಚಹಾದ ಅಭಿಷೇಕ. ಚಂದ್ರನಿಗೂ ಅದಕ್ಕೂ ಈಗ ಸಂಬಂಧ ಇಲ್ಲ.

ಸೂರ್ಯನ ಹಬ್ಬಗಳು

ಸಂಕ್ರಾಂತಿಗಳಿಗೆ ಈ ತಿಥಿಯ ತಲೆನೋವು ಇಲ್ಲ. ಸೂರ್ಯ ಮಕರಕ್ಕೆ ಬರುವುದು ಜನವರಿ 14 ಅಥವಾ 15, ಮೇಷಕ್ಕೆ ಬರುವುದು ಏಪ್ರಿಲ್ 13-14ರ ಸುತ್ತ. ಮೇಷ ಸಂಕ್ರಾಂತಿಯ ನಕ್ಷೆ ಬಿಡಿಸಿದರೆ ಆಶ್ಚರ್ಯ ಆಗುತ್ತದೆ. ತುಳುನಾಡಿನ ಬಿಸು, ಕೇರಳದ ವಿಷು, ತಮಿಳರ ಪುತ್ತಾಂಡು, ಒಡಿಶಾದ ಪಣಾ ಸಂಕ್ರಾಂತಿ, ಅಸ್ಸಾಮಿನ ರೊಂಗಾಲಿ ಬಿಹು, ಬಂಗಾಳದ ಪೊಯ್ಲಾ ಬೈಶಾಖ್, ಪಂಜಾಬಿನ ಬೈಸಾಖಿ. ಗಡಿ ದಾಟಿದರೆ ಸಿಂಹಳೀಯರ ಹೊಸ ವರ್ಷ, ಮ್ಯಾನ್ಮಾರಿನ ತಿಂಜಾನ್, ಥಾಯ್ಲೆಂಡಿನ ಸೊಂಕ್ರಾನ್, ಲಾವೋಸ್ ಮತ್ತು ಕಾಂಬೋಡಿಯಾದ ಹೊಸ ವರ್ಷ. ಎಲ್ಲ ಮೂರ್ನಾಲ್ಕು ದಿನದೊಳಗೆ. ಒಂದು ಕಡೆ ವಿಷ್ಣುವಿಗೆ ಕಣಿ, ಅಂದರೆ ಬೆಳಿಗ್ಗೆ ಎದ್ದು ಮೊದಲು ನೋಡುವ ಹಣ್ಣು ಹೂವಿನ ತಟ್ಟೆ, ಇಡುತ್ತಾರೆ, ಇನ್ನೊಂದು ಕಡೆ ಬುದ್ಧನಿಗೆ ನೀರು ಹಾಕುತ್ತಾರೆ. ಸೂರ್ಯ ಒಬ್ಬನೇ.

ಆ ನೀರಿಗೆ ಕಾರಣ ಹುಡುಕಲು ಶಾಸ್ತ್ರ ತೆರೆಯಬೇಕಾಗಿಲ್ಲ. ಆಗ್ನೇಯ ಏಷ್ಯಾದಲ್ಲಿ ಏಪ್ರಿಲ್ ಎಂದರೆ ಕಾದ ಹಂಚು. ಕೊಯ್ಲು ಮುಗಿದಿರುತ್ತದೆ, ಮಳೆ ಇನ್ನೂ ಬಂದಿರುವುದಿಲ್ಲ, ಗದ್ದೆಯಲ್ಲಿ ಕೆಲಸ ಇಲ್ಲ. ಸೊಂಕ್ರಾನಿನಲ್ಲಿ ಮೊದಲು ಬುದ್ಧನ ಮೂರ್ತಿಗೆ ಸುಗಂಧದ ನೀರು, ಆಮೇಲೆ ಹಿರಿಯರ ಅಂಗೈಗೆ ನೀರು ಹಾಕಿ ಆಶೀರ್ವಾದ ಕೇಳುವುದು. ವಿಹಾರದ ಅಂಗಳದಲ್ಲಿ ಮರಳಿನ ಸ್ತೂಪ ಕಟ್ಟುತ್ತಾರೆ. ವರ್ಷವಿಡೀ ಕಾಲಿಗೆ ಅಂಟಿ ಹೊರಹೋದ ವಿಹಾರದ ಮಣ್ಣನ್ನು ಹೀಗೆ ವಾಪಸು ಕೊಡುವ ಭಾವ. ಬ್ಯಾಂಕಾಕಿನ ಬೀದಿಯ ಪಿಚಕಾರಿ ಯುದ್ಧ ಇದರ ಇತ್ತೀಚಿನ ಬೆಳವಣಿಗೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೋ ಸೊಂಕ್ರಾನನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಶ್ರೀಲಂಕಾದ ಪದ್ಧತಿ ನನಗೆ ಇನ್ನೂ ಸ್ವಾರಸ್ಯ ಅನಿಸುತ್ತದೆ. ಹಳೆಯ ವರ್ಷಕ್ಕೂ ಹೊಸ ವರ್ಷಕ್ಕೂ ನಡುವೆ ಕೆಲವು ಗಂಟೆ ಯಾವ ವರ್ಷಕ್ಕೂ ಸೇರದ ಕಾಲ ಅಂತ ಬಿಡುತ್ತಾರೆ. ಅದರ ಹೆಸರು ನೊನಗತೆ. ಆಗ ಒಲೆ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ. ಬೌದ್ಧ ವಿಹಾರಕ್ಕೆ ಹೋಗಬಹುದು, ಆಟ ಆಡಬಹುದು. ಆಮೇಲೆ ಗೊತ್ತಾದ ಮುಹೂರ್ತಕ್ಕೆ ಇಡೀ ದೇಶ ಒಲೆ ಹಚ್ಚಿ ಹಾಲು ಉಕ್ಕಿಸುತ್ತದೆ. ಜನವರಿಯಲ್ಲಿ ತಮಿಳರು ಪೊಂಗಲ್ ಉಕ್ಕಿಸುವುದು ನೆನಪಾಗುತ್ತದೆ. ಹಾಗೆ ನೋಡಿದರೆ ಈ ಹಬ್ಬ ಲಂಕೆಯ ಬೌದ್ಧ ಸಿಂಹಳೀಯರಿಗೂ ಹಿಂದೂ ತಮಿಳರಿಗೂ ಒಟ್ಟಿಗೇ ಬರುತ್ತದೆ.

ಸೂರ್ಯನ ಲೆಕ್ಕದಲ್ಲೂ ಒಂದು ಸೋರಿಕೆ ಇದೆ. ಉತ್ತರಾಯಣ ಆಕಾಶದಲ್ಲಿ ನಿಜವಾಗಿ ಶುರುವಾಗುವುದು ಡಿಸೆಂಬರ್ 21-22ಕ್ಕೆ. ನಾವು ಆಚರಿಸುವುದು ಮೂರು ವಾರ ತಡವಾಗಿ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತಿರುಗುವುದು ಇದಕ್ಕೆ ಕಾರಣ. ನಕ್ಷತ್ರಗಳನ್ನು ನೋಡಿ ಅಳೆದ ವರ್ಷ ಋತುಗಳನ್ನು ನೋಡಿ ಅಳೆದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ನಮ್ಮ ಪಂಚಾಂಗ ನಕ್ಷತ್ರವನ್ನು ಹಿಡಿದಿದೆ. 20 ನಿಮಿಷ ಸೇರಿ ಸೇರಿ ಸುಮಾರು 70 ವರ್ಷಕ್ಕೆ ಒಂದು ದಿನ ಆಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅಂದು ಮಕರ ಸಂಕ್ರಾಂತಿ. ಈಗ ಅದೇ ಸಂಕ್ರಾಂತಿ 14 ಅಥವಾ 15ಕ್ಕೆ ಬಂದಿದೆ. ವಿಜ್ಞಾನಿ ಮೇಘನಾದ ಸಾಹಾ ಅವರ ಸಮಿತಿ ಇದನ್ನು ನೋಡಿ ಸುಧಾರಣೆ ಸೂಚಿಸಿತು. ಸರ್ಕಾರ 1957ರಲ್ಲಿ ಋತುವಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ ತಂದಿತು. ಅದು ಗೆಜೆಟ್ಟಿನಲ್ಲಿ, ಆಕಾಶವಾಣಿಯಲ್ಲಿ ಉಳಿಯಿತು. ಎಳ್ಳುಬೆಲ್ಲ ಬೀರುವ ದಿನವನ್ನು ಯಾರೂ ಬದಲಿಸಲಿಲ್ಲ.

ಮಳೆ ಬಂದಾಗ ಸನ್ಯಾಸಿ ನಿಂತ

ಜೂನ್ ಬಂತೆಂದರೆ ಕ್ಯಾಲೆಂಡರಿನ ಸ್ವಭಾವವೇ ಬದಲಾಗುತ್ತದೆ. ಜ್ಯೇಷ್ಠದ ಹುಣ್ಣಿಮೆಗೆ ಉತ್ತರ ಕರ್ನಾಟಕದಲ್ಲಿ ಕಾರ ಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸಿ ಕರಿ ಹರಿಯುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಗ ಮಣ್ಣಿನ ಎತ್ತಿಗೆ ಪೂಜೆ. ಬಿತ್ತನೆಯ ಕೆಲಸ ಮೈಮೇಲೆ ಬಂದಿರುವ ಹೊತ್ತಲ್ಲಿ ಎತ್ತಿಗಿಂತ ದೊಡ್ಡ ದೇವರು ಯಾರಿದ್ದಾರೆ?

ಆಷಾಢ ಶುಕ್ಲ ಏಕಾದಶಿಗೆ ವಿಷ್ಣು ಮಲಗುತ್ತಾನೆ, ಕಾರ್ತಿಕ ಶುಕ್ಲ ಏಕಾದಶಿಗೆ ಏಳುತ್ತಾನೆ. ನಡುವಿನ ನಾಲ್ಕು ತಿಂಗಳು ಚಾತುರ್ಮಾಸ್ಯ. ಊರೂರು ಸುತ್ತುವ ಸನ್ಯಾಸಿಗಳು ಒಂದು ಕಡೆ ನಿಲ್ಲಬೇಕು. ಮಠಗಳಲ್ಲಿ ಆಷಾಢ ಹುಣ್ಣಿಮೆಯಂದು ವ್ಯಾಸಪೂಜೆ ಮಾಡಿ ಯತಿಗಳು ವ್ರತಕ್ಕೆ ಕೂರುತ್ತಾರೆ. ಅನೇಕರು ಒಂದೊಂದು ಪಕ್ಷವನ್ನು ಒಂದೊಂದು ತಿಂಗಳೆಂದು ಎಣಿಸಿ, ಭಾದ್ರಪದ ಹುಣ್ಣಿಮೆಗೆ ಸೀಮೋಲ್ಲಂಘನ ಮಾಡಿ ಮುಗಿಸುತ್ತಾರೆ. ಎರಡು ತಿಂಗಳಲ್ಲಿ ನಾಲ್ಕು!

ಅದೇ ಆಷಾಢ ಹುಣ್ಣಿಮೆ ಬೌದ್ಧರಿಗೂ ದೊಡ್ಡ ದಿನ. ಸಾರನಾಥದಲ್ಲಿ ಬುದ್ಧ ಐದು ಜನರಿಗೆ ಮೊದಲ ಉಪದೇಶ ಕೊಟ್ಟ ದಿನ ಅದು. ಮರುದಿನದಿಂದ ಭಿಕ್ಷುಗಳ ವರ್ಷಾವಾಸ ಶುರು, ಅಂದರೆ ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲುವುದು. ಗುರು ಪೂರ್ಣಿಮೆಗೂ ಆಷಾಢ ಪೂಜೆಗೂ ಒಂದೇ ಚಂದ್ರ, ಎರಡರಲ್ಲೂ ಗುರುವಿನ ನೆನಪು, ಎರಡರ ಬೆನ್ನಿಗೂ ಮಳೆಗಾಲದ ನಿಲುಗಡೆ. ಜೈನ ಮುನಿಗಳ ಚಾತುರ್ಮಾಸವೂ ಇದೇ ಹೊತ್ತಿಗೆ. ಮೂರು ಪಂಥಗಳು ಒಂದೇ ನೆಲದಲ್ಲಿ, ಒಂದೇ ಮಳೆಯಲ್ಲಿ ಬೆಳೆದವು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ವರ್ಷಾವಾಸ ಹೇಗೆ ಶುರುವಾಯಿತು ಅನ್ನುವುದನ್ನು ಭಿಕ್ಷುಗಳ ನಿಯಮಗಳ ಗ್ರಂಥ ವಿನಯಪಿಟಕ ಹೇಳುತ್ತದೆ. ಆರಂಭದಲ್ಲಿ ಬುದ್ಧನ ಭಿಕ್ಷುಗಳು ಚಳಿ, ಬೇಸಿಗೆ, ಮಳೆ ಅನ್ನದೆ ತಿರುಗುತ್ತಿದ್ದರು. ಜನ ಆಕ್ಷೇಪಿಸಿದರು. ಹಸಿರು ಚಿಗುರು ತುಳಿಯುತ್ತಾರೆ, ಸಣ್ಣ ಸಣ್ಣ ಜೀವಿಗಳನ್ನು ಕೊಲ್ಲುತ್ತಾರೆ, ಬೇರೆ ಪಂಥದವರೂ ಮಳೆಯಲ್ಲಿ ನಿಲ್ಲುತ್ತಾರೆ, ಹಕ್ಕಿಗಳೂ ಗೂಡು ಕಟ್ಟಿ ಕೂರುತ್ತವೆ, ಇವರಿಗೇನಾಗಿದೆ ಅಂತ. ಬುದ್ಧ ಒಪ್ಪಿ ನಿಯಮ ಮಾಡಿದ. ಇಲ್ಲಿ ಗಮನಿಸಬೇಕಾದದ್ದು, ನಿಯಮ ಬಂದಿದ್ದು ಜನರ ದೂರಿನಿಂದ.

ನಿಯಮ ಗಟ್ಟಿಯೂ ಇದೆ, ಮೃದುವೂ ಇದೆ. ಆಷಾಢದಲ್ಲಿ ಶುರು ಮಾಡಲಾಗದವರು ಒಂದು ತಿಂಗಳು ತಡವಾಗಿ ಶುರು ಮಾಡಬಹುದು. ತಂದೆತಾಯಿಗೆ ಕಾಯಿಲೆ ಎಂದರೆ ಏಳು ದಿನದ ಮಟ್ಟಿಗೆ ಹೋಗಿಬರಬಹುದು. ಭಿಕ್ಷುವಿನ ಹಿರಿತನ ಎಣಿಸುವುದು ವಯಸ್ಸಿನಿಂದಲ್ಲ, ಎಷ್ಟು ಮಳೆಗಾಲ ಕಳೆದಿದ್ದಾರೆ ಅನ್ನುವುದರಿಂದ. ಥಾಯ್ಲೆಂಡಿನಲ್ಲಿ ಗಂಡಸರು ಈ ಮೂರು ತಿಂಗಳ ಮಟ್ಟಿಗೆ ಭಿಕ್ಷುಗಳಾಗುವ ರೂಢಿ ಇದೆ. ಸರ್ಕಾರಿ ನೌಕರರಿಗೆ ಇದಕ್ಕಾಗಿ 120 ದಿನದವರೆಗೆ ರಜೆ ಸಿಗುತ್ತದೆ. ಮೊದಲೆಲ್ಲ ವಿಹಾರದೊಳಗೆ ಕೂತ ಭಿಕ್ಷುಗಳಿಗೆ ಓದಲು ಬೆಳಕು ಬೇಕೆಂದು ಜನ ಮೇಣದ ಬತ್ತಿ ಕೊಡುತ್ತಿದ್ದರು. ಉಬೊನ್ ರಾಚತಾನಿಯಲ್ಲಿ ಈಗ ಅದು ರಥದ ಮೇಲೆ ಮೇಣದ ಶಿಲ್ಪಗಳ ಮೆರವಣಿಗೆಯಾಗಿ ಬೆಳೆದಿದೆ.

ಹಿಂದೂಗಳಲ್ಲಿ ನಾಲ್ಕು ತಿಂಗಳು, ಬೌದ್ಧರಲ್ಲಿ ಮೂರೇ ಏಕೆ? ಮಳೆಗಾಲ ನಾಲ್ಕು ತಿಂಗಳು ಅನ್ನುವುದನ್ನು ಬೌದ್ಧರೂ ಒಪ್ಪುತ್ತಾರೆ. ಮೂರು ತಿಂಗಳು ಕೂತ ಮೇಲೆ ನಾಲ್ಕನೆಯದು ಬಟ್ಟೆಯ ತಿಂಗಳು. ಆಶ್ವಯುಜ ಹುಣ್ಣಿಮೆಯಿಂದ ಕಾರ್ತಿಕ ಹುಣ್ಣಿಮೆಯವರೆಗೆ ಗೃಹಸ್ಥರು ಭಿಕ್ಷುಗಳಿಗೆ ಚೀವರ ಕೊಡುವ ಕಠಿನ ನಡೆಯುತ್ತದೆ. ಒಂದು ವಿಹಾರಕ್ಕೆ ವರ್ಷಕ್ಕೆ ಒಂದೇ ಕಠಿನ.

ಮನೆಗಳಲ್ಲಿ ಚಾತುರ್ಮಾಸ್ಯ ಕಾಣುವುದು ಅಡುಗೆಮನೆಯಲ್ಲಿ. ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ಕೊನೆಗೆ ದ್ವಿದಳ ವ್ರತ, ಬೇಳೆಕಾಳಿಲ್ಲ. ಮಳೆಗಾಲದ ಸೊಪ್ಪಿನಲ್ಲಿ ಹುಳ ಇರುತ್ತದೆ, ಅದಕ್ಕೇ ಬಿಡಿಸಿದರು ಎನ್ನುವ ವಿವರಣೆ ಶಾಕವ್ರತಕ್ಕೆ ಸರಿಹೋಗುತ್ತದೆ. ಕಾರ್ತಿಕದಲ್ಲಿ ಬೇಳೆ ಏಕೆ ಬಿಡಬೇಕು ಅನ್ನುವುದಕ್ಕೂ ಅಷ್ಟೇ ಸಲೀಸಾಗಿ ವಿಜ್ಞಾನ ಹೊಂದಿಸಲು ಹೋದರೆ ಎಳೆದಾಟ ಆಗುತ್ತದೆ. ವ್ರತ ಅಂದರೆ ಮೊದಲಿಗೆ ಬಿಡುವ ಅಭ್ಯಾಸ. ಪ್ರತಿಯೊಂದಕ್ಕೂ ಆರೋಗ್ಯದ ಕಾರಣ ಹುಡುಕುವ ವಾಟ್ಸ್ಆ್ಯಪ್ ಪಾಂಡಿತ್ಯದಿಂದ ವ್ರತಕ್ಕೂ ಲಾಭ ಇಲ್ಲ, ವಿಜ್ಞಾನಕ್ಕೂ ಇಲ್ಲ.

ಹಾಗಂತ ಋತುವಿನ ಬುದ್ಧಿ ಇಲ್ಲವೇ ಇಲ್ಲ ಅನ್ನುವುದೂ ತಪ್ಪು. ನಾಗರ ಪಂಚಮಿಯ ದಿನ ನೆಲ ಅಗೆಯಬಾರದು, ನೇಗಿಲು ಹೂಡಬಾರದು. ಶ್ರಾವಣದಲ್ಲಿ ಬಿಲಕ್ಕೆ ನೀರು ನುಗ್ಗಿ ಹಾವುಗಳು ಮೇಲೆ ಬಂದಿರುತ್ತವೆ, ಹೊಲದಲ್ಲಿ ಮನುಷ್ಯರೂ ಇರುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದು ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮರಕ್ಕೆ ಜೋಕಾಲಿ, ತಟ್ಟೆ ತುಂಬ ಉಂಡಿ. ತುಳುನಾಡಿನಲ್ಲಿ ಇದೇ ಹೊತ್ತು ಆಟಿ ತಿಂಗಳು. ಮಳೆ ಜೋರು, ಹಿಂದೆಲ್ಲ ಕಣಜ ಖಾಲಿಯಾಗುತ್ತಿದ್ದ ಕಾಲ. ಕೆಸುವಿನೆಲೆಯ ಪತ್ರೊಡೆಯಂಥ ಕಾಡು ಹಿತ್ತಲಿನ ಅಡುಗೆ ಈ ತಿಂಗಳಿಗೆ ಅಂಟಿಕೊಂಡಿದ್ದು ಸುಮ್ನೆ ಅಲ್ಲ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆ ಮರದ ತೊಗಟೆ ಕಿತ್ತು ತಂದು ಕಹಿ ಕಷಾಯ ಕುಡಿಯುತ್ತಾರೆ. ಮರದ ಗುರುತು ಬಲ್ಲವರೇ ತರಬೇಕು. ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ.

ಮಳೆಯೊಂದಿಗೆ ನಡೆಯುವ ಹಬ್ಬಗಳೂ ಇವೆ. ಸನ್ಯಾಸಿಗಳು ನಿಲ್ಲುವ ಹೊತ್ತಿಗೆ ಮಹಾರಾಷ್ಟ್ರದ ವಾರಕರಿಗಳು ಆಳಂದಿ, ದೇಹುಗಳಿಂದ ಪಂಢರಪುರಕ್ಕೆ ಸುಮಾರು ಮೂರು ವಾರ ನಡೆದು ಆಷಾಢ ಏಕಾದಶಿಗೆ ತಲುಪುತ್ತಾರೆ. ಶ್ರೀಲಂಕಾದ ಕ್ಯಾಂಡಿಯಲ್ಲಿ ಎಸಳ ಪೆರಹೆರ ಎಂಬ ಮೆರವಣಿಗೆ. ಬುದ್ಧನ ದಂತಧಾತುವಿನ ಕರಂಡಕ ಹೊತ್ತ ಆನೆಯ ಹಿಂದೆ ನಾಥ, ವಿಷ್ಣು, ಕತರಗಮ, ಪತ್ತಿನಿ ದೇವಾಲಯಗಳ ಮೆರವಣಿಗೆಯೂ ಸೇರುತ್ತದೆ. ಹಿಂದೂ ಯಾವುದು, ಬೌದ್ಧ ಯಾವುದು ಎಂದು ಗೆರೆ ಎಳೆಯಲು ಹೊರಟವರು ಇಲ್ಲಿ ಸೋಲುತ್ತಾರೆ. ಕಠ್ಮಂಡು ಕಣಿವೆಯ ನೇವಾರ ಬೌದ್ಧರಿಗೆ ಶ್ರಾವಣದ ಸುತ್ತಲಿನ ಗುಂಲಾ ತಿಂಗಳು ಪವಿತ್ರ. ಮುಂಜಾನೆ ಬಾಜಾ ಬಾರಿಸುತ್ತ ಸ್ವಯಂಭು ಸ್ತೂಪಕ್ಕೆ ಹೋಗುತ್ತಾರೆ.

ಪಿತೃಗಳ ಪಕ್ಷ

ಭಾದ್ರಪದದ ಕೃಷ್ಣಪಕ್ಷದಲ್ಲಿ ನಮ್ಮಲ್ಲಿ ಎಳ್ಳು, ದರ್ಭೆ, ಪಿಂಡ, ಕಾಗೆ. ಕಾಂಬೋಡಿಯಾದಲ್ಲೂ ಸೆಪ್ಟೆಂಬರ್-ಅಕ್ಟೋಬರಿನ ಒಂದು ಕೃಷ್ಣಪಕ್ಷ, ಹದಿನೈದು ದಿನ, ಪ್ಚುಂ ಬೆನ್. ಅವರ ತಿಂಗಳಿನ ಹೆಸರೂ ಭಾದ್ರಪದದಿಂದ ಬಂದದ್ದೇ. ಬೆಳಗಾಗುವ ಮೊದಲೇ ವಿಹಾರಕ್ಕೆ ಹೋಗಿ ಅನ್ನದ ಉಂಡೆಗಳನ್ನು ಕತ್ತಲಿಗೆ ಎಸೆಯುತ್ತಾರೆ. ಹಸಿದ ಪ್ರೇತಗಳಿಗೆ ಬಾಯಿ ಸೂಜಿಯ ಕಣ್ಣಿನಷ್ಟು, ಬೆಳಕು ಆಗುವುದಿಲ್ಲ ಎಂಬ ನಂಬಿಕೆ. ನಮ್ಮ ಪಿಂಡ ನೇರ ಪಿತೃಗಳಿಗೆ. ಅಲ್ಲಿ ಭಿಕ್ಷುಗಳಿಗೆ ದಾನ ಕೊಟ್ಟು, ಅದರ ಪುಣ್ಯವನ್ನು ಸತ್ತವರಿಗೆ ಹಂಚುವುದು ಮುಖ್ಯ. ಬೌದ್ಧ ಧರ್ಮ ಹಳೆಯ ಆಚರಣೆಯನ್ನು ಕಿತ್ತುಹಾಕದೆ ಅದರ ದಾರಿ ತಿರುಗಿಸಿದ ರೀತಿ ಇದು.

ಚೀನಾ, ಜಪಾನುಗಳಲ್ಲಿ ಇದು ಏಳನೇ ತಿಂಗಳ ಹುಣ್ಣಿಮೆಗೆ ಬರುತ್ತದೆ. ಅಲ್ಲಿನ ಭಿಕ್ಷುಗಳು ಆವಾಸ ಮುಗಿಸುವುದು ಅಂದೇ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿದ್ದ ತಾಯಿಯನ್ನು ಬಿಡಿಸಲು, ತಪಸ್ಸು ಮುಗಿಸಿ ಎದ್ದ ಸಂಘಕ್ಕೆ ದಾನ ಕೊಟ್ಟ ಕಥೆ ಅದರ ಬುಡ. ಜಪಾನಿನ ಓಬೋನ್ ಅದೇ ಹಬ್ಬ. ಕ್ಯಾಲೆಂಡರ್ ಬದಲಾದ ಮೇಲೆ ಕೆಲವು ಕಡೆ ಜುಲೈ, ಹೆಚ್ಚು ಕಡೆ ಆಗಸ್ಟ್ ಮಧ್ಯ, ಕೆಲವು ಕಡೆ ಹಳೆಯ ಚಾಂದ್ರಮಾನ, ಹೀಗೆ ಹೋಳಾಗಿದೆ.

ನೀರು ಇಳಿದ ಮೇಲೆ ದೀಪ

ಆಶ್ವಯುಜ ಹುಣ್ಣಿಮೆಯ ರಾತ್ರಿ ಒಂದೇ ಚಂದ್ರನ ಕೆಳಗೆ ಏನೇನು ನಡೆಯುತ್ತದೆ ನೋಡಿ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ, ಬಯಲುಸೀಮೆಯಲ್ಲಿ ಸೀಗಿ ಹುಣ್ಣಿಮೆ. ಪೈರು ಹೊಡೆ ತುಂಬಿದೆ, ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಸಾಗರ ಸೊರಬದ ಕಡೆ ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದರಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಎರಚುತ್ತಾರೆ. ಬಯಲುಸೀಮೆಯಲ್ಲಿ ಇದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಮ್ಯಾನ್ಮಾರಿನಲ್ಲಿ ಅದೇ ಹುಣ್ಣಿಮೆಗೆ ತಡಿಂಜ್ಯುತ್ ದೀಪಗಳು. ತಾಯಿಗೆ ಉಪದೇಶ ಕೊಡಲು ದೇವಲೋಕಕ್ಕೆ ಹೋಗಿದ್ದ ಬುದ್ಧ ಇಳಿದು ಬರುವ ದಾರಿಗೆ ಬೆಳಕು. ಭಿಕ್ಷುಗಳ ಮಳೆಗಾಲ ಅಂದು ಮುಗಿಯುತ್ತದೆ.

ಮುಂದಿನ ಹುಣ್ಣಿಮೆ ಕಾರ್ತಿಕದ್ದು. ನದಿ ತುಂಬಿದೆ, ಆದರೆ ಕೆರಳಿಲ್ಲ. ಥಾಯ್ಲೆಂಡಿನಲ್ಲಿ ಲೋಯ್ ಕ್ರಾಥೊಂಗ್, ಬಾಳೆದಿಂಡಿನ ದೊನ್ನೆಯಲ್ಲಿ ಹೂವು, ದೀಪ ಇಟ್ಟು ನೀರಿಗೆ ಬಿಡುತ್ತಾರೆ. ಒಡಿಶಾದಲ್ಲಿ ಬೊಯಿತ ಬಂದಾಣ, ಬಾಳೆದಿಂಡಿನ ಪುಟ್ಟ ಹಡಗು ತೇಲಿಬಿಡುತ್ತಾರೆ. ಸಮುದ್ರ ದಾಟಿ ವ್ಯಾಪಾರಕ್ಕೆ ಹೋಗುತ್ತಿದ್ದವರ ನೆನಪು ಅದು. ಕಟಕ್‌ನ ಬಾಲಿ ಯಾತ್ರೆ ಜಾತ್ರೆಗೂ ಅದೇ ಮೂಲ. ಕಾಂಬೋಡಿಯಾದ ಜಲೋತ್ಸವ ಇನ್ನೂ ದೊಡ್ಡ ಕಾರಣಕ್ಕೆ. ಮಳೆಗಾಲದಲ್ಲಿ ಮೆಕಾಂಗ್ ನದಿಯ ನೀರು ಟೊನ್ಲೆ ಸಾಪ್ ನದಿಯನ್ನು ಹಿಂದಕ್ಕೆ ತಳ್ಳಿ ಸರೋವರಕ್ಕೆ ನುಗ್ಗಿಸುತ್ತದೆ. ಮಳೆ ಮುಗಿದು ಮೆಕಾಂಗ್ ಇಳಿದಾಗ ಆ ನದಿ ದಿಕ್ಕು ಬದಲಿಸಿ ಕಡಲ ಕಡೆ ಹರಿಯುತ್ತದೆ. ಅದರ ಹಿಂದೆ ಮೀನುಗಾರಿಕೆಯ ಕಾಲ. ರಾಜಧಾನಿ ನಾಮ್ ಪೆನ್ನಿನಲ್ಲಿ ಆಗ ದೋಣಿ ಪಂದ್ಯ. ನದಿ ಹೊರಳಿದ್ದಕ್ಕೆ ಹಬ್ಬ ಮಾಡುವ ದೇಶ ಬೇರೆ ಎಲ್ಲಿದೆ?

ನಮ್ಮ ಕಡೆ ಕಾರ್ತಿಕದ ದೀಪೋತ್ಸವ, ಧರ್ಮಸ್ಥಳದ ಲಕ್ಷದೀಪ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಹೊಸ ಬೆಳೆಯ ಮೊದಲ ಪಾಲು ಬಸವಣ್ಣನಿಗೆ. ಸುತ್ತ ಹೊಲ ಮಾಯವಾಗಿ ಎಷ್ಟೋ ಕಾಲವಾದರೂ ಪರಿಷೆಯ ದಿನ ಬದಲಾಗಿಲ್ಲ. ಈಗ ಕಡಲೆಕಾಯಿ ಲಾರಿಯಲ್ಲಿ ಬರುತ್ತದೆ.

ಋತುವಿನ ಹಂಗಿಲ್ಲದವು

ಇಷ್ಟೆಲ್ಲ ಹೇಳಿದ ಮೇಲೆ ಬಾಲಿ ದ್ವೀಪವನ್ನು ನೆನೆಯದೆ ಇರಲಾಗದು. ಅಲ್ಲಿನ ಹಿಂದೂಗಳ ಶಕ ವರ್ಷದ ಹೊಸ ದಿನ ನ್ಯೆಪಿ. ಅದು ಅಮಾವಾಸ್ಯೆಯ ಮರುದಿನ. 2023ರಲ್ಲಿ ಯುಗಾದಿಗೂ ನ್ಯೆಪಿಗೂ ಒಂದೇ ದಿನ, ಮಾರ್ಚ್ 22. ನಾವು ಬೇವುಬೆಲ್ಲ, ಹೋಳಿಗೆ ಅಂತ ಗದ್ದಲ ಮಾಡುವಾಗ ಅವರು ಇಡೀ ದಿನ ದೀಪ ಹಚ್ಚದೆ, ಕೆಲಸ ಮಾಡದೆ, ಹೊರಗೆ ಬರದೆ ಕೂರುತ್ತಾರೆ. ವಿಮಾನ ನಿಲ್ದಾಣವೂ 24 ಗಂಟೆ ಬಂದ್. ಅವರದೇ ಇನ್ನೊಂದು ದೊಡ್ಡ ಹಬ್ಬ ಗಲುಂಗಾನ್. ಅದು 210 ದಿನಕ್ಕೊಮ್ಮೆ ಬರುತ್ತದೆ. ಆ ಎಣಿಕೆ ಸೂರ್ಯನದೂ ಅಲ್ಲ, ಚಂದ್ರನದೂ ಅಲ್ಲ, ಬರೀ ವಾರಗಳ ಸುತ್ತು. ಕೆಲವು ವರ್ಷ ಎರಡು ಸಲ ಬಂದುಬಿಡುತ್ತದೆ.

ಬೇರೆ ಹವೆಯ ದೂರದ ನಾಡುಗಳಿಗೆ ಹೋದವರ ಕಥೆ ಬೇರೆ. ಮಾರಿಷಸ್ಸಿನ ಹಿಂದೂಗಳು ಶಿವರಾತ್ರಿಗೆ ಗಂಗಾ ತಲಾವ್ ಕೆರೆಗೆ ನಡೆದು ಹೋಗುವುದು ಅಲ್ಲಿನ ಬೇಸಿಗೆಯಲ್ಲಿ, ಚಂಡಮಾರುತಗಳ ಕಾಲದಲ್ಲಿ. ಚಳಿ ಬಿಡಿಸುವ ಹಬ್ಬ ಎನ್ನುವ ನಮ್ಮ ಮಾತು ಅಲ್ಲಿ ನಡೆಯುವುದಿಲ್ಲ. ಇಂಗ್ಲೆಂಡಿನ ಅಮರಾವತಿ ವಿಹಾರದ ಭಿಕ್ಷುಗಳು ಜುಲೈಯಿಂದ ಅಕ್ಟೋಬರಿನ ವರ್ಷಾವಾಸವನ್ನು ನಿಯಮದಂತೆ ಮಾಡುತ್ತಾರೆ. ಆದರೆ ಅಲ್ಲಿನ ಹವೆಯಲ್ಲಿ ಹೊರಗೆ ಹೋಗಲು ನಿಜವಾಗಿ ಕಷ್ಟ ಚಳಿಗಾಲದಲ್ಲಿ. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಮೌನದ ಆವಾಸವನ್ನೂ ಸೇರಿಸಿಕೊಂಡಿದ್ದಾರೆ. ಆಸ್ಟ್ರೇಲಿಯಾದ ಪರ್ತ್ ಹತ್ತಿರದ ಬೋಧಿನ್ಯಾನ ವಿಹಾರಕ್ಕೆ ಮಾತ್ರ ಅದೃಷ್ಟ. ಅಲ್ಲಿ ಬೇಸಿಗೆ ಒಣ, ಮಳೆ ಬರುವುದೇ ಚಳಿಗಾಲದಲ್ಲಿ. ಮಗಧದ ಮಳೆ ನೋಡಿ ಮಾಡಿದ ನಿಯಮದ ಪ್ರಕಾರ ಅವರು ಜುಲೈಯಲ್ಲಿ ಒಳಗೆ ಕೂತರೆ ಹೊರಗೆ ಮಳೆ ಸುರಿಯುತ್ತಿರುತ್ತದೆ.